ಹಸಿವೆಯ ನೆಲೆಯನ್ನರಸಿ

1901ನೆಯ ಇಸವಿಯಲ್ಲಿ ವಿಯೆನ್ನಾ ನಗರದ ಆಲ್‌ಫ್ರೆಡ್ ಫ್ರೋಲಿಖ್ ಎಂಬ ತರುಣ ವೈದ್ಯರು, ತಲೆಶೂಲೆಯಿಂದಲೂ ವಾಂತಿಯಿಂದಲೂ ನರಳುತ್ತಿದ್ದ 14 ವರ್ಷದ ಬಾಲಕನೊಬ್ಬನ ವೃತ್ತಾಂತವನ್ನು ಪ್ರಕಟಿಸಿದರು. ಬಾಲಕನ ದೃಷ್ಟಿ ದಿನೇ ದಿನೇ ಕುಂದುತ್ತಿತ್ತು. ಅದಕ್ಕಿಂತಲೂ ವಿಚಿತ್ರವಾದುದೆಂದರೆ, ಕೆಲವು ಕಾಲದ ಹಿಂದೆ ಉಳಿದ ಮಕ್ಕಳಂತೆಯೇ ಇದ್ದ ಅವನ ಶರೀರದಲ್ಲಿ ಮೇದಸ್ಸು ಅತಿಶಯವಾಗಿ ಸಂಚಯವಾಗಿದ್ದು, ವಯಸ್ಸಿಗೆ ತಕ್ಕ ಪ್ರೌಢಿಮೆಯ ಲಕ್ಷಣಗಳು ಮಾತ್ರ ತಲೆದೋರದೆ ಹೋಗಿದ್ದುವು. ತಲೆಬುರುಡೆಯ ತಳದಲ್ಲಿ, ಪಿಟ್ಯುಟರಿ ಗ್ರಂಥಿಯಿರುವ ಎಡೆಯಲ್ಲಿ, ಗಡ್ಡೆಯೊಂದು ಬೆಳೆಯುತ್ತಿರಬೇಕೆಂದು ಫ್ರೋಲಿಖ್ ಅನುಮಾನಿಸಿದರು. ಸ್ಥೂಲಕಾಯವೆಂದರೆ ಜಿಹ್ವಾಚಾಪಲ್ಯದ ಫಲ, ಬಾಯಿ ಕಟ್ಟಲಾರದವನ ದೌರ್ಬಲ್ಯ ಎಂದು ತಿಳಿದು ಬಂದಿದ್ದ ಲೋಕಕ್ಕೆ ಈ ಬಾಲಕನ ವೃತ್ತಾಂತವು ಒಂದು ಹೊಸ ಸಂಶಯವನ್ನು ತಂದೊಡ್ಡಿತು: ಮನುಷ್ಯನು ಎಷ್ಟು ಉಣ್ಣಬೇಕು, ಉಂಡದ್ದರಲ್ಲಿ ಎಷ್ಟನ್ನು ಕೂಡಿಡಬೇಕು ಎಂಬುದನ್ನು ಅವನ ಇಚ್ಛೆಗೆ ನಿಲುಕದ ಯಾವುದೋ ಒಂದು ಅಂಗವು ನಿರ್ಣಯಿಸುತ್ತಿರಬಹುದೆ?

ಆ ಅಂಗವು ಯಾವುದು ಎಂಬುದೇ ಮುಂದಿನ ನಾಲ್ಕು ದಶಕಗಳ ವಿವಾದವಾಯಿತು. ಪಿಟ್ಯುಟರಿ ಗ್ರಂಥಿಯು ಮಿದುಳಿನ ತಳಕ್ಕೆ ತೆಳುವಾದ ಕಾಂಡವೊಂದರಿಂದ ತೂಗಿಕೊಂಡಿದೆ; ಅದರ ನೇರ ಮೇಲ್ಗಡೆ ಹೈಪೊಥಲಾಮಸ್ ಎಂಬ ಅತ್ಯಂತ ಕಿರಿದಾದ ಪ್ರದೇಶವಿದೆ. ಒಂದರ ಬಳಿ ಬೆಳೆದ ಗಡ್ಡೆಯು ಮತ್ತೊಂದನ್ನೂ ಒತ್ತದೆ ಬಿಡದಾದುದರಿಂದ, ರೋಗಿಯ ದೇಹವನ್ನು ನೋಡಿ ಅಪರಾಧಿ ಯಾವುದೆಂದು ಹೇಳುವುದು ದುಸ್ಸಾಧ್ಯವಾಗಿತ್ತು. ದೋಷವು ಗ್ರಂಥಿಯದೆಂದು ಫ್ರೋಲಿಖ್ ಭಾವಿಸಿದರೆ, ಅದೇ ವಿಯೆನ್ನಾದ ರೋಗನಿದಾನತಜ್ಞ ಯಾಕೋಬ್ ಎರ್ಡ್‌ಹೈಮ್ ಅವರು 1904ರಲ್ಲಿ, ಗ್ರಂಥಿಯು ನಿರಪಾಯವಾಗಿದ್ದು ಮಿದುಳಿನ ತಳವು ಮಾತ್ರ ಹಾನಿಗೊಂಡವರಲ್ಲಿಯೂ ಇದೇ ಬೊಜ್ಜು ಕಾಣುವುದೆಂದು ತೋರಿಸಿ, ಮಿದುಳಿನ ಪಕ್ಷವನ್ನು ಹಿಡಿದರು. ಹಾರ್ಮೋನುಗಳ ವಿದ್ಯೆಯು ಆಗತಾನೆ ಕಣ್ದೆರೆಯುತ್ತಿದ್ದ ಕಾಲವದು. ಗ್ರಂಥಿಗಳ ಮಹಿಮೆಯಲ್ಲಿ ವಿದ್ವಾಂಸರಿಗೆ ಎಷ್ಟು ವಿಶ್ವಾಸವಿತ್ತೆಂದರೆ, ಎರ್ಡ್‌ಹೈಮರ ಮಾತು ಬಹುಕಾಲ ಸಲ್ಲದೆಯೇ ಉಳಿಯಿತು.

ಇತ್ತ ಹಸಿವೆಯೆಂಬ ವೇದನೆಯ ವಿಚಾರದಲ್ಲಿ ಶರೀರಶಾಸ್ತ್ರಜ್ಞರ ಗಮನವು ಮಿದುಳಿನ ಕಡೆಗೆ ಹರಿದೇ ಇರಲಿಲ್ಲ. ಹೊಟ್ಟೆ ಚುರುಗುಟ್ಟಿದರೆ ಹಸಿವು, ಹೊಟ್ಟೆ ತುಂಬಿದರೆ ತೃಪ್ತಿ. ನಮ್ಮ ಪೂರ್ವಿಕರು ಜಠರಾಗ್ನಿಯೆಂದು ಕರೆದುದೂ, ಪಶ್ಚಿಮದವರು ಬರಿದಾದ ಜಠರದ ಕರೆಯೆಂದು ತಿಳಿದುದೂ ಅನುಭವದ ಒಂದೇ ಸಾಕ್ಷ್ಯವನ್ನು ಆಧರಿಸಿದ್ದುವು. 1912ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾನಿಲಯದ ವಾಲ್ಟರ್ ಕ್ಯಾನನ್ ಅವರು ಈ ಸಾಕ್ಷ್ಯವನ್ನು ಪ್ರಯೋಗದ ಒರೆಗೆ ಹಚ್ಚಿದರು. ಅವರ ಶಿಷ್ಯ ವಾಶ್‌ಬರ್ನ್, ರಬ್ಬರಿನ ನಳಿಕೆಯ ತುದಿಗೆ ಕಟ್ಟಿದ ಬಲೂನೊಂದನ್ನು ನುಂಗಿ, ಅದು ಜಠರದಲ್ಲಿ ಗಾಳಿ ತುಂಬಿಕೊಂಡು ನಿಂತಿರಲು, ದೀರ್ಘಕಾಲ ಸುಮ್ಮನೆ ಕುಳಿತಿರುವುದನ್ನು ಅಭ್ಯಾಸಮಾಡಿಕೊಂಡರು. ಜಠರವು ಸಂಕೋಚಗೊಂಡಾಗಲೆಲ್ಲ ಬಲೂನು ಅಮುಕಲ್ಪಟ್ಟು, ಹೊರಗಿನ ಕಾಗದದ ಸುರುಳಿಯ ಮೇಲೆ ಗೆರೆಯೊಂದು ಏಳುತ್ತಿತ್ತು. ಹಸಿವೆಯ ನೋವು ಬಂದಾಗಲೆಲ್ಲ ವಾಶ್‌ಬರ್ನ್ ಕೈಯಲ್ಲಿದ್ದ ಕೀಲಿಯನ್ನು ಒತ್ತುತ್ತಿದ್ದರು. ಎರಡು ಗೆರೆಗಳೂ ಜೊತೆಜೊತೆಯಾಗಿ ಬಿದ್ದುವು. ಹಸಿವೆಂದರೆ ಬರಿಯ ಜಠರದ ಸಂಕೋಚವೇ ಎಂದು ಕ್ಯಾನನ್ ತೀರ್ಮಾನಿಸಿದರು. ಷಿಕಾಗೋದ ಆಂಟನ್ ಕಾರ್ಲ್‌ಸನ್ ಅವರು ಈ ಮಾರ್ಗವನ್ನೇ ಹಿಡಿದು, ಹೊಟ್ಟೆಗೆ ರಂಧ್ರಮಾಡಿ ಉಣಿಸಬೇಕಾಗಿದ್ದ ವ್ಯಕ್ತಿಯೊಬ್ಬನ ಜಠರವನ್ನು ವರ್ಷಗಟ್ಟಲೆ ಪರೀಕ್ಷಿಸಿ, 1916ರಲ್ಲಿ ಹಸಿವೆಯ ನಿಯಂತ್ರಣದ ಮೇಲೆ ಒಂದು ಉದ್ಗ್ರಂಥವನ್ನೇ ರಚಿಸಿದರು.

ಆದರೆ ಪ್ರಕೃತಿಯು ಇಷ್ಟು ಸುಲಭವಾಗಿ ತನ್ನ ಗುಟ್ಟನ್ನು ಬಿಟ್ಟುಕೊಡುವುದಿಲ್ಲ. ರೋಗದ ನಿಮಿತ್ತವಾಗಿ ಜಠರವನ್ನೇ ಪೂರ್ತಿಯಾಗಿ ತೆಗೆದುಹಾಕಿಸಿಕೊಂಡವರಿಗೂ ಹಸಿವಾಗುತ್ತದೆಂದು 1931ರಲ್ಲಿ ಶಸ್ತ್ರವೈದ್ಯ ವಾಂಗೆನ್‌ಸ್ಟೀನ್ ಅವರೊಡನೆ ಸೇರಿ ವರದಿಮಾಡಿದವರು ಸ್ವತಃ ಕಾರ್ಲ್‌ಸನ್ನರೇ. ಜೀವಮಾನದ ಬಹುಭಾಗವನ್ನು ಜಠರದ ಸಂಕೋಚಗಳ ಅಧ್ಯಯನದಲ್ಲಿ ಕಳೆದ ವಿದ್ವಾಂಸರು, ಜಠರವಿಲ್ಲದೆಯೂ ಹಸಿವುಂಟೆಂಬ ಸಂಗತಿಯನ್ನು ತಮ್ಮ ಹೆಸರು ಹಾಕಿಯೇ ಪ್ರಕಟಿಸಿದುದು ನನಗೆ ಈ ಇತಿಹಾಸದ ಅತ್ಯಂತ ಗೌರವಾರ್ಹವಾದ ಘಟನೆಗಳಲ್ಲಿ ಒಂದಾಗಿ ತೋರುತ್ತದೆ. ಜಠರವು ಹಸಿವನ್ನು ಸಾರುವ ಒಂದು ಕಂಠವಾಗಿರಬಹುದು. ಸಾರುವಂತೆ ಆಜ್ಞಾಪಿಸುವವನು ಬೇರೆಲ್ಲಿಯೋ ಇದ್ದಾನೆ.

ಆ ಆಜ್ಞಾಸ್ಥಾನವನ್ನು ಕಂಡುಹಿಡಿಯಲು ಮಿದುಳಿನ ಆಳಕ್ಕೆ, ಮೇಲಿನ ಪದರಗಳನ್ನು ಕೆಡಿಸದೆ, ಗುರಿ ತಪ್ಪದೆ ಹೋಗಬಲ್ಲ ಒಂದು ಸಾಧನವು ಅವಶ್ಯಕವಾಗಿತ್ತು. ಅಂತಹ ಸಾಧನವು 1908ರಲ್ಲಿಯೇ ಲಂಡನ್ನಿನಲ್ಲಿ ಸಿದ್ಧವಾಗಿತ್ತು: ವಿಕ್ಟರ್ ಹಾರ್ಸ್ಲಿ ಮತ್ತು ರಾಬರ್ಟ್ ಕ್ಲಾರ್ಕ್ ಅವರು ರಚಿಸಿದ ಚೌಕಟ್ಟಿನಲ್ಲಿ ಪ್ರಾಣಿಯ ತಲೆಯನ್ನು ಅಲುಗದಂತೆ ಬಿಗಿದು, ಮೂರು ದಿಕ್ಕುಗಳ ಅಳತೆಯಿಂದ ಮಿದುಳಿನ ಯಾವ ಬಿಂದುವಿಗಾದರೂ ಸೂಕ್ಷ್ಮವಾದ ತಂತಿಯನ್ನು ಇಳಿಸಬಹುದಾಗಿತ್ತು, ತಂತಿಯ ತುದಿಯಲ್ಲಿ ಕ್ಷಣಕಾಲ ವಿದ್ಯುತ್ತನ್ನು ಹಾಯಿಸಿದರೆ ಆ ಬಿಂದುವಿನ ಸುತ್ತಣ ಅಂಶವು ಮಾತ್ರ ನಾಶವಾಗುವುದು. ವರ್ಷಾನುಗಟ್ಟಲೆ ಅಷ್ಟಾಗಿ ಯಾರ ಗಮನಕ್ಕೂ ಬಾರದೆ ಉಳಿದಿದ್ದ ಈ ಉಪಕರಣವನ್ನು ಮೂವತ್ತರ ದಶಕದಲ್ಲಿ ಮತ್ತೆ ಬಳಕೆಗೆ ತಂದವರು ಷಿಕಾಗೋದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾನಿಲಯದ ಸ್ಟೀಫನ್ ರ‍್ಯಾನ್ಸನ್. ಅವರ ಶಿಷ್ಯ ಆಲ್ಬರ್ಟ್ ಹೆದರಿಂಗ್‌ಟನ್ 1940ರಲ್ಲಿ ಗುರುವಿನೊಡನೆ ಪ್ರಕಟಿಸಿದ ಪ್ರಬಂಧದಿಂದ ಹಳೆಯ ವಿವಾದವು ಕೊನೆಗೂ ಬಗೆಹರಿಯಿತು. ಪಿಟ್ಯುಟರಿ ಗ್ರಂಥಿಯನ್ನು ಮುಟ್ಟದೆ, ಹೈಪೊಥಲಾಮಸ್ಸಿನ ಒಳಮಗ್ಗುಲಿನ ತಳಭಾಗವನ್ನು ಎರಡೂ ಪಾರ್ಶ್ವಗಳಲ್ಲಿ ನಾಶಗೊಳಿಸಿದ ಬಿಳಿಯ ಇಲಿಗಳು ಬೊಜ್ಜು ಬೆಳೆದು, ನಡೆಯುವುದಕ್ಕೂ ಪ್ರಯಾಸಪಡುವಂತಾದುವು. ಎರ್ಡ್‌ಹೈಮ್ ಕಂಡದ್ದು ಸತ್ಯವಾಗಿತ್ತು.

ಇಲಿಗಳು ದಪ್ಪಗಾದುದೇನೋ ನಿಜ, ಏಕೆ ದಪ್ಪಗಾದುವು? ಈ ಪ್ರಶ್ನೆಯನ್ನು ಕೈಗೆತ್ತಿಕೊಂಡವರು ರ‍್ಯಾನ್ಸನ್ನರ ಪ್ರಯೋಗಶಾಲೆಯಲ್ಲಿಯೇ ತರಬೇತಿ ಪಡೆದು, ಬಳಿಕ ಯೇಲ್ ವಿಶ್ವವಿದ್ಯಾನಿಲಯಕ್ಕೆ ಹೋದ ಜಾನ್ ಬ್ರೋಬೆಕ್. ಶಸ್ತ್ರಕ್ರಿಯೆ ಮುಗಿದು, ಅರಿವಳಿಕೆಯ ಅಮಲು ಇನ್ನೂ ಪೂರ್ತಿಯಾಗಿ ಇಳಿಯದೆ, ಕಾಲುಗಳು ತಡವರಿಸುತ್ತಿರುವಾಗಲೇ ಆ ಇಲಿಗಳು ಆಹಾರದ ಮೇಲೆ ಬಿದ್ದು ಗಬಗಬನೆ ತಿನ್ನತೊಡಗುವುದನ್ನು ಅವರು ಕಂಡರು. ಶರೀರದ ಪಚನಕ್ರಮವು ಕೆಟ್ಟು ಬೊಜ್ಜು ಬಂದುದಲ್ಲ, ಸಾಕೆಂಬ ಭಾವವೇ ಅಳಿದುಹೋಗಿ ಆ ಪ್ರಾಣಿಗಳು ಮಿತಿಯಿಲ್ಲದೆ ತಿಂದುವು, ತಿಂದುದರಿಂದ ಬೆಳೆದುವು ಎಂಬ ನಿರ್ಣಯವು 1943ರಲ್ಲಿ ಬ್ರೋಬೆಕ್, ಟೆಪ್ಪರ್‌ಮನ್ ಮತ್ತು ಲಾಂಗ್ ಅವರ ಹೆಸರಿನಲ್ಲಿ ಪ್ರಕಟವಾಯಿತು.

1943 ಎಂದೊಡನೆ ಭಾರತೀಯನಾದವನಿಗೆ ಬೇರೊಂದು ಹಸಿವು ನೆನಪಿಗೆ ಬಾರದಿರದು. ಅದೇ ವರ್ಷ ಬಂಗಾಳದಲ್ಲಿ ಲಕ್ಷಾಂತರ ಜನರು ಅನ್ನವಿಲ್ಲದೆ ಕಲ್ಕತ್ತೆಯ ಬೀದಿಗಳಲ್ಲಿಯೂ ಹಳ್ಳಿಗಳ ದಾರಿಗಳಲ್ಲಿಯೂ ಪ್ರಾಣಬಿಟ್ಟರು. ಹಸಿವೆಯ ಶಾಸ್ತ್ರದ ಚರಿತ್ರೆಯನ್ನು ಬರೆಯುವವನು ಆ ಜನರನ್ನು ಮರೆತು ಇಲಿಗಳ ವಿಚಾರವನ್ನು ಮಾತ್ರ ಹೇಳುವುದು ಉಚಿತವಲ್ಲವೆಂದು ನನ್ನ ಭಾವನೆ. ಯುದ್ಧವು ಯೂರೋಪಿನಲ್ಲಿಯೂ ಕ್ಷಾಮವನ್ನು ತಂದಿತ್ತು; ಹಸಿದವರಿಗೆ ಮತ್ತೆ ಹೇಗೆ ಉಣಿಸಬೇಕೆಂಬುದನ್ನು ತಿಳಿಯಲೋಸುಗ 1944ರ ಕೊನೆಯಲ್ಲಿ ಮಿನೆಸೋಟ ವಿಶ್ವವಿದ್ಯಾನಿಲಯದ ಆನ್ಸೆಲ್ ಕೀಸ್ ಅವರು, ಮನಸ್ಸಾಕ್ಷಿಯ ಕಾರಣದಿಂದ ಯುದ್ಧಕ್ಕೆ ಹೋಗಲೊಪ್ಪದ 36 ಮಂದಿ ತರುಣರನ್ನು, ಅವರ ಸಮ್ಮತಿಯ ಮೇಲೆ, 24 ವಾರಗಳ ಕಾಲ ಅರೆಹೊಟ್ಟೆಯಲ್ಲಿರಿಸಿದರು. ತಮ್ಮ ತೂಕದ ಸುಮಾರು ಕಾಲುಭಾಗವನ್ನು ಕಳೆದುಕೊಂಡ ಆ ತರುಣರ ಮನಸ್ಸಿನಲ್ಲಿ ಕ್ರಮೇಣ ಸ್ನೇಹ, ಶೃಂಗಾರ, ಓದು ಎಲ್ಲವೂ ಹಿಂದೆ ಸರಿದು ಊಟವೊಂದೇ ನಿಂತಿತು. ಕೆಲವರು ಪಾಕಶಾಸ್ತ್ರದ ಪುಸ್ತಕಗಳನ್ನು ಕೊಂಡು ತಂದು ಓದುತ್ತ ಕುಳಿತರು. ಮತ್ತೆ ಯಥೇಚ್ಛವಾಗಿ ಉಣ್ಣಲು ಬಿಟ್ಟಾಗ ಕೆಲವರಿಗೆ ಹೊಟ್ಟೆ ಬಿರಿಯುವಂತೆ ಉಂಡ ಮೇಲೂ ಹಸಿವು ತೀರಲಿಲ್ಲ. ಶರೀರವು ಕಳೆದುಕೊಂಡದ್ದನ್ನು ಯಾವುದೋ ಒಂದು ಲೆಕ್ಕದಲ್ಲಿ ಬರೆದಿಟ್ಟುಕೊಂಡಿದ್ದಿತು. ಆ ಲೆಕ್ಕವನ್ನು ಯಾರು ಬರೆಯುತ್ತಾರೆಂಬುದನ್ನು ಅರಿಯಲು ಇನ್ನೂ ಅರ್ಧ ಶತಮಾನ ಬೇಕಾಯಿತು.

ಈ ನಡುವೆ, ದೇಶವಿಭಜನೆಯ ಅನಂತರದ ವರ್ಷಗಳಲ್ಲಿ, ದಿಲ್ಲಿಯಿಂದ ಒಬ್ಬ ಭಾರತೀಯ ಶರೀರಶಾಸ್ತ್ರಜ್ಞರು ರಾಕ್‌ಫೆಲ್ಲರ್ ಪ್ರತಿಷ್ಠಾನದ ವಿದ್ಯಾರ್ಥಿವೇತನವನ್ನು ಪಡೆದು ಯೇಲ್‌ನಲ್ಲಿ ಬ್ರೋಬೆಕ್ ಅವರ ಬಳಿಗೆ ಬಂದರು. ಅವರೇ ಬಾಲಕೃಷ್ಣ ಆನಂದ್. ಲಾಹೋರಿನಲ್ಲಿ ಹುಟ್ಟಿ, ಅಲ್ಲಿಯ ಕಿಂಗ್ ಎಡ್ವರ್ಡ್ ವೈದ್ಯಕೀಯ ಕಾಲೇಜಿನಲ್ಲಿ ವ್ಯಾಸಂಗಮಾಡಿ, ದಿಲ್ಲಿಯ ಲೇಡಿ ಹಾರ್ಡಿಂಜ್ ಕಾಲೇಜಿನಲ್ಲಿ ಅಧ್ಯಾಪಕರಾಗಿದ್ದ ಆನಂದರಿಗೆ ಆಗ ಮೂವತ್ತಮೂರು ಮೂವತ್ತನಾಲ್ಕರ ಪ್ರಾಯ. ಹೈಪೊಥಲಾಮಸ್ಸಿನ ಒಳಮಗ್ಗುಲನ್ನು ಕೆಡಿಸಿದರೆ ಪ್ರಾಣಿಯು ಅತಿಯಾಗಿ ತಿನ್ನುವುದು ತಿಳಿದಿತ್ತು. ಆದರೆ ಒಂದು ಅಂಶವನ್ನು ತೆಗೆದುಹಾಕಿದಾಗ ಒಂದು ಕ್ರಿಯೆಯು ಹೆಚ್ಚುವುದಾದರೆ, ತೆಗೆದ ಅಂಶವು ತಡೆಯಾಗಿತ್ತೆಂದು ಅರ್ಥ. ತಡೆಯಿದ್ದ ಮೇಲೆ, ತಡೆಯಬೇಕಾದ ಪ್ರೇರಣೆಯೂ ಎಲ್ಲಿಯಾದರೂ ಇರಲೇಬೇಕಷ್ಟೆ. ಆನಂದರು ಹಾರ್ಸ್ಲಿ ಮತ್ತು ಕ್ಲಾರ್ಕರ ಚೌಕಟ್ಟಿನಲ್ಲಿ ಇಲಿಗಳನ್ನಿರಿಸಿ, ತಂತಿಯ ತುದಿಯನ್ನು ಸ್ವಲ್ಪ ಸ್ವಲ್ಪವಾಗಿ ಸ್ಥಾನಾಂತರಿಸುತ್ತ, ಹೈಪೊಥಲಾಮಸ್ಸಿನ ಉದ್ದಗಲಗಳನ್ನು ಶೋಧಿಸಿದರು.

ಒಳಮಗ್ಗುಲಿನ ಅದೇ ಸಮತಲದಲ್ಲಿ, ಅತ್ಯಂತ ಹೊರಪಾರ್ಶ್ವದ ಒಂದು ಕಿರಿದಾದ ಎಡೆಯನ್ನು ಎರಡೂ ಬದಿಗಳಲ್ಲಿ ನಾಶಪಡಿಸಿದಾಗ, ಇಲಿಗಳು ತಿನ್ನುವುದನ್ನು ಪೂರ್ತಿಯಾಗಿ ನಿಲ್ಲಿಸಿಬಿಟ್ಟುವು. ಒಂದು ಬದಿಯನ್ನು ಮಾತ್ರ ಕೆಡಿಸಿದರೆ ಹಾಗಾಗುತ್ತಿರಲಿಲ್ಲ. ಎರಡು ಬದಿಯೂ ಹೋದರೆ ಮಾತ್ರ, ಮೂಗಿನ ಮುಂದೆ ಆಹಾರದ ರಾಶಿಯಿದ್ದರೂ ಅದು ತಮಗೆ ಸಂಬಂಧಿಸಿದ ವಸ್ತುವೇ ಅಲ್ಲವೆಂಬಂತೆ ಕುಳಿತು, ದಿನಗಳು ಕಳೆದಂತೆ ಕೃಶವಾಗಿ, ಉಪವಾಸದಿಂದಲೇ ಸತ್ತುವು. ಮೊದಲೇ ಒಳಮಗ್ಗುಲನ್ನು ಕೆಡಿಸಿ ಹೊಟ್ಟೆಬಾಕಗಳನ್ನಾಗಿ ಮಾಡಿದ್ದ ಇಲಿಗಳಲ್ಲಿಯೂ ಹೊರಪಾರ್ಶ್ವದ ನಾಶವು ಭೋಜನವನ್ನು ಅಳಿಸಿಹಾಕಿತು. ಆನಂದ್ ಮತ್ತು ಬ್ರೋಬೆಕ್ ಅವರು 1951ರಲ್ಲಿ ಪ್ರಕಟಿಸಿದ ಲೇಖನಗಳಲ್ಲಿ ಈ ಹೊರಗಣ ಎಡೆಯನ್ನು ಆಹಾರಕೇಂದ್ರವೆಂದು ಕರೆದರು. ಒಳಗಣದು ತೃಪ್ತಿಕೇಂದ್ರವೆಂದು ಪ್ರಸಿದ್ಧವಾಯಿತು. ಅನ್ನದ ಅಭಾವವನ್ನು ಕಣ್ಣಾರೆ ಕಂಡ ನಾಡಿನಿಂದ ಹೋದ ವಿದ್ವಾಂಸರೊಬ್ಬರು, ಅಭಾವವಿಲ್ಲದೆಯೂ ಉಪವಾಸದಿಂದ ಸಾಯುವ ಸ್ಥಿತಿಯೊಂದುಂಟೆಂಬುದನ್ನು ಲೋಕಕ್ಕೆ ತೋರಿಸಿಕೊಟ್ಟರು. ಇಪ್ಪತ್ತನೆಯ ಶತಮಾನದ ಶರೀರಶಾಸ್ತ್ರಕ್ಕೆ ಭಾರತೀಯರು ಕೊಟ್ಟ ಕಾಣಿಕೆಗಳಲ್ಲಿ ಇದು ಮೊದಲ ಸಾಲಿನದು. ನಮ್ಮ ಶಾಲೆಯ ಪಠ್ಯಗಳಲ್ಲಿ ಆನಂದರ ಹೆಸರು ಇರಬೇಕಾದಷ್ಟು ಇಲ್ಲದಿರುವುದು ವಿಷಾದದ ಸಂಗತಿ.

ಸ್ವದೇಶಕ್ಕೆ ಮರಳಿದ ಆನಂದರು, 1956ರಲ್ಲಿ ಸ್ಥಾಪಿತವಾದ ದಿಲ್ಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯಲ್ಲಿ ಶರೀರಶಾಸ್ತ್ರದ ವಿಭಾಗವನ್ನು ಕಟ್ಟಿದರು. ರಕ್ತದಲ್ಲಿನ ಗ್ಲೂಕೋಸನ್ನು ಮಿದುಳು ಅಳೆಯುತ್ತದೆ, ಅದು ತಗ್ಗಿದಾಗ ಹಸಿವಾಗುತ್ತದೆ ಎಂದು ಹಾರ್ವರ್ಡಿನ ಜೀನ್ ಮೇಯರ್ ಅವರು ಆ ವೇಳೆಗೆ ಒಂದು ವಾದವನ್ನು ಮುಂದಿಟ್ಟಿದ್ದರು. ಆನಂದರೂ ಅವರ ಸಹೋದ್ಯೋಗಿಗಳಾದ ಛೀನಾ ಮತ್ತು ಬಲದೇವ ಸಿಂಗ್ ಅವರೂ ಆ ಎರಡು ಕೇಂದ್ರಗಳಲ್ಲಿ ವಿದ್ಯುತ್ಸ್ಪಂದನಗಳನ್ನು ದಾಖಲಿಸಿ, ರಕ್ತಕ್ಕೆ ಗ್ಲೂಕೋಸು ಸೇರಿದಾಗ ತೃಪ್ತಿಕೇಂದ್ರದ ಚಟುವಟಿಕೆ ಏರುವುದನ್ನೂ ಆಹಾರಕೇಂದ್ರದ್ದು ಇಳಿಯುವುದನ್ನೂ ತೋರಿಸಿದರು. ಅವರ ಲೇಖನವು 1962ರಲ್ಲಿ ಅಮೆರಿಕದ ಸೈನ್ಸ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಇದೇ ತಂಡವು ಯೋಗಿಗಳ ಮಿದುಳಿನ ತರಂಗಗಳನ್ನೂ ಸಮಾಧಿಸ್ಥಿತಿಯ ಉಸಿರಾಟವನ್ನೂ ಅಳೆದು ಪ್ರಖ್ಯಾತವಾಯಿತು. ಆ ಕಥೆ ಬೇರೆ.

ಕೇಂದ್ರವೆಂಬ ಕಲ್ಪನೆಯು ಎಷ್ಟು ಮನೋಹರವೋ ಅಷ್ಟೇ ಅಪೂರ್ಣವೆಂಬುದು ಬೇಗನೆ ಗೋಚರವಾಯಿತು. ಆಹಾರಕೇಂದ್ರವನ್ನು ಕಳೆದುಕೊಂಡ ಇಲಿಗಳನ್ನು ಸಾಯಲು ಬಿಡದೆ, ನಳಿಕೆಯ ಮೂಲಕ ಉಣಿಸಿ ಕಾಪಾಡಿದರೆ, ಅವು ವಾರಗಳ ಮೇಲೆ ಮೊದಲು ರುಚಿಯಾದ ಮೆತ್ತನೆಯ ಆಹಾರವನ್ನೂ ಬಳಿಕ ಸಾಮಾನ್ಯ ಆಹಾರವನ್ನೂ ತಾವಾಗಿ ತಿನ್ನತೊಡಗುವುವೆಂದು ಟೈಟೆಲ್‌ಬಾಮ್ ಮತ್ತು ಎಪ್‌ಸ್ಟೀನ್ 1962ರಲ್ಲಿ ತೋರಿಸಿದರು. ಆ ಎಡೆಯ ಮೂಲಕ ಬೇರೆಡೆಗೆ ಹಾದುಹೋಗುವ ನರತಂತುಗಳು ಕಡಿದುಹೋದುದೇ ಉಪವಾಸಕ್ಕೆ ಬಹುಮಟ್ಟಿನ ಕಾರಣವೆಂಬ ವಾದವೂ ಎದ್ದಿತು. ಇವುಗಳಿಂದ ಆನಂದರ ಶೋಧವು ಸುಳ್ಳಾಯಿತೆಂದು ನಾನು ಬಗೆಯುವುದಿಲ್ಲ. ಹಸಿವೆಯ ಸೂತ್ರಗಳು ಆ ಎಡೆಯಲ್ಲಿ ಕೂಡುತ್ತವೆಂಬುದು ಉಳಿಯಿತು; ಅಲ್ಲಿಯೇ ಹುಟ್ಟಿ ಅಲ್ಲಿಯೇ ಮುಗಿಯುತ್ತವೆಂಬುದು ಮಾತ್ರ ಉಳಿಯಲಿಲ್ಲ.

ಹಾಗಾದರೆ ಆ ಸೂತ್ರಗಳನ್ನು ಎಳೆಯುವವರಾರು? ಗ್ಲೂಕೋಸಿನ ಏರಿಳಿತವು ಒಂದು ಹೊತ್ತಿನ ಊಟವನ್ನು ವಿವರಿಸಬಹುದು. ಪ್ರಾಪ್ತವಯಸ್ಕನೊಬ್ಬನು ವರ್ಷಗಟ್ಟಲೆ ಏನನ್ನೂ ತೂಗದೆ ಉಂಡರೂ ಅವನ ತೂಕವು ಸಾಮಾನ್ಯವಾಗಿ ಹೆಚ್ಚೇನೂ ಬದಲಾಗದಿರುವುದನ್ನು ವಿವರಿಸಲಾರದು. ಕೇಂಬ್ರಿಜ್ಜಿನ ಗೋರ್ಡನ್ ಕೆನಡಿ ಅವರು 1953ರಲ್ಲಿ ಒಂದು ಧೀರವಾದ ಊಹೆಯನ್ನು ಮಾಡಿದರು. ಮಿದುಳಿಗೆ ಗಾಯವಾದ ಇಲಿಗಳು ಕೊನೆಯಿಲ್ಲದೆ ಬೆಳೆಯುವುದಿಲ್ಲ, ಒಂದು ಹಂತಕ್ಕೆ ಮುಟ್ಟಿ ನಿಲ್ಲುತ್ತವೆ. ಆಗ ಅವುಗಳ ಆಹಾರವೂ ಇಳಿಯುತ್ತದೆ. ಆದುದರಿಂದ ಸಂಚಿತವಾದ ಮೇದಸ್ಸೇ ತನ್ನ ಪ್ರಮಾಣವನ್ನು ರಕ್ತದ ಮೂಲಕ ಮಿದುಳಿಗೆ ಅರುಹುತ್ತಿರಬೇಕು. ಕಣಜದಲ್ಲಿ ಎಷ್ಟು ಭತ್ತವಿದೆಯೆಂಬುದನ್ನು ಬಲ್ಲ ಮನೆಯೊಡತಿಯು ಅದನ್ನು ನೋಡಿಯೇ ಒಲೆಯ ಮೇಲಿಡುವ ಅಕ್ಕಿಯನ್ನು ಅಳೆಯುವಂತೆ, ಮಿದುಳು ಶರೀರದ ಸಂಚಯವನ್ನು ಬಲ್ಲುದಾಗಿ ಹಸಿವನ್ನು ಅಳೆಯುತ್ತದೆ. ಕೊಬ್ಬೆಂದರೆ ನಿರ್ಜೀವವಾದ ಹೊರೆಯೆಂದು ತಿಳಿದಿದ್ದ ಕಾಲದಲ್ಲಿ ಅದಕ್ಕೆ ಮಾತು ಉಂಟೆಂದು ಹೇಳಿದ್ದು ಸಾಮಾನ್ಯ ಸಾಹಸವಲ್ಲ.

ಆ ಮಾತು ರಕ್ತದಲ್ಲಿ ಹರಿಯುತ್ತದೆಂಬುದಕ್ಕೆ ಪ್ರಮಾಣವನ್ನು ಅದೇ ಕೇಂಬ್ರಿಜ್ಜಿನ ಹರ್ವಿ ಅವರು 1959ರಲ್ಲಿ ಒದಗಿಸಿದರು. ಎರಡು ಇಲಿಗಳ ಪಾರ್ಶ್ವದ ಚರ್ಮವನ್ನೂ ಮಾಂಸವನ್ನೂ ಹೊಲಿದು ಒಂದುಗೂಡಿಸಿದರೆ, ಕೆಲವು ದಿನಗಳಲ್ಲಿ ಸೂಕ್ಷ್ಮನಾಳಗಳು ಬೆಸೆದುಕೊಂಡು, ಒಂದರ ರಕ್ತವು ಅಲ್ಪಪ್ರಮಾಣದಲ್ಲಿ ಮತ್ತೊಂದರೊಳಗೆ ಸಂಚರಿಸತೊಡಗುತ್ತದೆ. ಹೀಗೆ ಕೂಡಿಸಿದ ಜೋಡಿಯಲ್ಲಿ ಒಂದರ ತೃಪ್ತಿಕೇಂದ್ರವನ್ನು ನಾಶಪಡಿಸಿದಾಗ ಅದು ಎಣೆಯಿಲ್ಲದೆ ತಿಂದು ಉಬ್ಬಿತು. ಅದರ ಸಂಗಾತಿಯೋ, ತನ್ನ ಮಿದುಳಿಗೆ ಯಾವ ಗಾಯವೂ ಆಗದಿದ್ದರೂ, ತಿನ್ನುವುದನ್ನು ಬಿಟ್ಟು ಒಣಗುತ್ತ ಹೋಯಿತು. ಬೊಜ್ಜಿನ ಇಲಿಯ ಮೇದಸ್ಸು ಸಾಕು ಸಾಕೆಂದು ಸಾರುತ್ತಿತ್ತು. ಆ ಕೂಗನ್ನು ಕೇಳಬಲ್ಲ ಅಂಶವು ಅದರ ಮಿದುಳಿನಲ್ಲಿ ಉಳಿದಿರಲಿಲ್ಲ. ಕಿವಿಯಿದ್ದ ಸಂಗಾತಿಯು ಕೇಳಿಸಿಕೊಂಡು ಹಸಿವನ್ನು ತೊರೆಯಿತು.

ಇಲ್ಲಿಂದ ಕಥೆಯು ಅಮೆರಿಕದ ಮೇಯ್ನ್ ಪ್ರಾಂತದ ಬಾರ್ ಹಾರ್ಬರ್ ಎಂಬ ಸಮುದ್ರತೀರದ ಸಣ್ಣ ಊರಿಗೆ ಸಾಗುತ್ತದೆ. ಅಲ್ಲಿಯ ಜಾಕ್ಸನ್ ಪ್ರಯೋಗಶಾಲೆಯು, ವಂಶಪರಂಪರೆಯ ಅಧ್ಯಯನಕ್ಕಾಗಿ, ನಮ್ಮ ಮನೆಗಳಲ್ಲಿ ಓಡಾಡುವ ಸಣ್ಣ ಜಾತಿಯ ಇಲಿಗಳನ್ನು ಶುದ್ಧವಂಶಗಳಾಗಿ ಸಾಕಿ ಬೆಳೆಸುತ್ತಿತ್ತು. 1947ರ ಅಕ್ಟೋಬರಿನಲ್ಲಿ ಕಾಳ್ಗಿಚ್ಚೊಂದು ಆ ಊರಿರುವ ದ್ವೀಪದಲ್ಲಿ ಹಬ್ಬಿ, ಪ್ರಯೋಗಶಾಲೆಯನ್ನೂ ಅದರ ಇಲಿಗಳ ಸಂಪತ್ತನ್ನೂ ಸುಟ್ಟುಹಾಕಿತು. ಹಿಂದೆ ಅಲ್ಲಿಂದ ಇಲಿಗಳನ್ನು ಪಡೆದಿದ್ದ ಬೇರೆ ಬೇರೆ ಊರುಗಳ ವಿದ್ವಾಂಸರು ಅವುಗಳ ಸಂತತಿಯನ್ನು ಹಿಂದಿರುಗಿಸಿ ಕಳುಹಿದುದರಿಂದ ವಂಶಗಳು ಉಳಿದುವು. ಹಾಗೆ ಮರುಜನ್ಮ ಪಡೆದ ಆ ಸಂಸ್ಥೆಯಲ್ಲಿ ಎರಡೇ ವರ್ಷಗಳ ಅನಂತರ, ತಾನಾಗಿಯೇ ಉಂಟಾದ ವಂಶದೋಷದಿಂದ, ಸಹಜವಾದುದಕ್ಕಿಂತ ಮೂರು ಪಾಲಿನಷ್ಟು ತೂಗುವ ಇಲಿಗಳು ಹುಟ್ಟಿದುವು. 1966ರಲ್ಲಿ ಬೇರೊಂದು ವಂಶದಲ್ಲಿ, ಬೊಜ್ಜಿನೊಡನೆ ತೀವ್ರವಾದ ಮಧುಮೇಹವೂ ಸೇರಿದ ಇನ್ನೊಂದು ಬಗೆಯ ಇಲಿಗಳು ಗೋಚರವಾದುವು.

ಕೆನಡಾ ದೇಶದಿಂದ ಬಂದು ಅಲ್ಲಿಯೇ ನೆಲೆನಿಂತಿದ್ದ ಡಗ್ಲಾಸ್ ಕೋಲ್‌ಮನ್ ಎಂಬ ರಸಾಯನಶಾಸ್ತ್ರಜ್ಞರು ಈ ಇಲಿಗಳನ್ನು ಜೋಡಿಸಿ ನೋಡಿದರು. ಮಧುಮೇಹದ ಇಲಿಯನ್ನು ಸಹಜವಾದ ಇಲಿಯೊಡನೆ ಕೂಡಿಸಿದಾಗ, ಸಹಜವಾದ ಇಲಿಯು ತಿನ್ನದೆ ಸತ್ತಿತು. ಮಧುಮೇಹದ ಇಲಿಯನ್ನೇ ಮೊದಲ ಬಗೆಯ ಬೊಜ್ಜಿನ ಇಲಿಯೊಡನೆ ಕೂಡಿಸಿದಾಗ, ಆ ಬೊಜ್ಜಿನ ಇಲಿಯೂ ತಿನ್ನುವುದನ್ನು ಬಿಟ್ಟು ಉಪವಾಸದಿಂದ ಅಳಿಯಿತು. ಮಧುಮೇಹದ ಇಲಿ ಮಾತ್ರ ಬೆಳೆಯುತ್ತಲೇ ಇತ್ತು. ಕೋಲ್‌ಮನ್ ಇದರಿಂದ ಕಂಡುಕೊಂಡ ಅರ್ಥವು ಗಣಿತದ ಸಾಧನೆಯಂತೆ ನಿರ್ಮಲವಾಗಿದೆ: ಒಂದು ಇಲಿಗೆ ತೃಪ್ತಿಯನ್ನು ಸಾರುವ ದ್ರವ್ಯವೇ ಇಲ್ಲ, ಆದರೆ ಅದನ್ನು ಗ್ರಹಿಸುವ ಶಕ್ತಿಯಿದೆ, ಮತ್ತೊಂದಕ್ಕೆ ದ್ರವ್ಯವು ಅಪಾರವಾಗಿದೆ, ಗ್ರಹಿಸುವ ಶಕ್ತಿಯಿಲ್ಲ. 1973ರಲ್ಲಿ ಈ ನಿರ್ಣಯವು ಪ್ರಕಟವಾದಾಗ ಅದಕ್ಕೆ ಮನ್ನಣೆ ಸುಲಭವಾಗಿ ದೊರೆಯಲಿಲ್ಲ. ಬೊಜ್ಜೆಂಬುದು ನಡತೆಯ ದೋಷ, ಮನೋನಿಗ್ರಹದ ಕೊರತೆ ಎಂಬ ನಂಬುಗೆಯು ಪ್ರಯೋಗಶಾಲೆಗಳ ಒಳಗೂ ಬೇರುಬಿಟ್ಟಿತ್ತು. ಆ ದ್ರವ್ಯವನ್ನು ಪ್ರತ್ಯೇಕಿಸಿ ತೋರಿಸಲು ಕೋಲ್‌ಮನ್ ವರ್ಷಗಟ್ಟಲೆ ಯತ್ನಿಸಿ ಸಫಲರಾಗದೆ, 1991ರಲ್ಲಿ ನಿವೃತ್ತರಾದರು.

ಅವರು ಬಿಟ್ಟ ಸೂತ್ರವನ್ನು ಹಿಡಿದವರು ನ್ಯೂಯಾರ್ಕಿನ ರಾಕ್‌ಫೆಲ್ಲರ್ ವಿಶ್ವವಿದ್ಯಾನಿಲಯದ ಜೆಫ್ರಿ ಫ್ರೀಡ್‌ಮನ್. ದ್ರವ್ಯವನ್ನು ಹುಡುಕುವ ಬದಲು ಅದನ್ನು ನಿರ್ಮಿಸುವ ಜೀನ್ ವರ್ಣತಂತುವಿನ ಯಾವ ಎಡೆಯಲ್ಲಿದೆಯೆಂದು ಹುಡುಕುತ್ತ, ಸುಮಾರು ಎಂಟು ವರ್ಷಗಳ ಪರಿಶ್ರಮದ ಅನಂತರ ಅವರ ತಂಡವು 1994ರ ಡಿಸೆಂಬರಿನಲ್ಲಿ ನೇಚರ್ ಪತ್ರಿಕೆಯಲ್ಲಿ ಆ ಜೀನನ್ನು ಪ್ರಕಟಪಡಿಸಿತು. ಅದು ಕ್ರಿಯಾಶೀಲವಾಗಿದ್ದುದು ಮೇದಸ್ಸಿನ ಕೋಶಗಳಲ್ಲಿ. ಅದು ರಚಿಸುತ್ತಿದ್ದುದು ರಕ್ತಕ್ಕೆ ಇಳಿಯುವ ಒಂದು ಹಾರ್ಮೋನನ್ನು. ಕೆನಡಿಯವರ ಊಹೆಗೆ ನಲವತ್ತೊಂದು ವರ್ಷಗಳ ಮೇಲೆ ಆಕಾರವೂ ಲೆಪ್ಟಿನ್ ಎಂಬ ಹೆಸರೂ ಬಂದುವು. ಮರುವರ್ಷ ಅದನ್ನು ಗ್ರಹಿಸುವ ಅಣುವೂ ದೊರೆತು, ಕೋಲ್‌ಮನ್ನರ ಎರಡನೆಯ ಇಲಿಯಲ್ಲಿ ಕೆಟ್ಟಿದ್ದುದು ಅದೇ ಎಂಬುದು ಖಚಿತವಾಯಿತು. 2010ರಲ್ಲಿ ಲಾಸ್ಕರ್ ಪ್ರಶಸ್ತಿಯನ್ನು ಕೋಲ್‌ಮನ್ ಮತ್ತು ಫ್ರೀಡ್‌ಮನ್ ಒಟ್ಟಿಗೆ ಸ್ವೀಕರಿಸಿದರು.

ಲೆಪ್ಟಿನ್ ಎಲ್ಲ ಬೊಜ್ಜಿಗೂ ಮದ್ದಾಗುವುದೆಂಬ ಆಸೆಯು ಮಾತ್ರ ಫಲಿಸಲಿಲ್ಲ. ಸಾಮಾನ್ಯವಾದ ಸ್ಥೂಲಕಾಯರಲ್ಲಿ ಅದು ಕಡಮೆಯಿರುವುದಿಲ್ಲ, ಹೆಚ್ಚೇ ಇರುತ್ತದೆ. ಮಿದುಳು ಅದಕ್ಕೆ ಮಂದವಾಗಿರುತ್ತದೆ. ಆದರೆ 1997ರಲ್ಲಿ ಕೇಂಬ್ರಿಜ್ಜಿನ ಸ್ಟೀಫನ್ ಓ'ರಾಹಿಲ್ಲಿ, ಸದಫ್ ಫಾರೂಖಿ ಮೊದಲಾದವರು, ಪಾಕಿಸ್ತಾನದ ಮೂಲದ ಕುಟುಂಬವೊಂದರ ಇಬ್ಬರು ಮಕ್ಕಳಲ್ಲಿ, ಲೆಪ್ಟಿನ್ ಜೀನಿನ ಒಂದೇ ಒಂದು ಅಕ್ಷರವು ಲೋಪವಾಗಿ, ಹಾರ್ಮೋನೇ ಇಲ್ಲದಿರುವುದನ್ನು ಕಂಡರು. ಎಂಟು ವರ್ಷದ ಬಾಲಿಕೆಯು 86 ಕಿಲೋಗ್ರಾಂ ತೂಗುತ್ತಿದ್ದಳು. ಅವಳ ಸಂಬಂಧಿಯಾದ ಎರಡು ವರ್ಷದ ಮಗುವು 29 ಕಿಲೋಗ್ರಾಂ. ಹುಟ್ಟಿದಂದಿನಿಂದ ಈ ಮಕ್ಕಳಿಗೆ ತೃಪ್ತಿಯೆಂಬುದು ಏನೆಂದೇ ತಿಳಿಯದು. ಉಂಡೆದ್ದ ಕ್ಷಣದಿಂದಲೇ ಮತ್ತೆ ಉಣ್ಣಲು ಅಳುತ್ತಿದ್ದರು. ದಿನಕ್ಕೊಮ್ಮೆ ಲೆಪ್ಟಿನ್ನಿನ ಚುಚ್ಚುಮದ್ದನ್ನು ಕೊಡತೊಡಗಿದ ಕೆಲವೇ ದಿನಗಳಲ್ಲಿ ಆ ಬಾಲಿಕೆಯು ಜೊತೆಯ ಮಕ್ಕಳಂತೆ ಉಂಡು ಏಳುವವಳಾದಳು. 12 ತಿಂಗಳುಗಳಲ್ಲಿ 16 ಕಿಲೋಗ್ರಾಮಿಗೂ ಹೆಚ್ಚಾಗಿ ಇಳಿದಳು, ಇಳಿದುದೆಲ್ಲ ಬಹುಮಟ್ಟಿಗೆ ಕೊಬ್ಬೇ. ಆ ಮಕ್ಕಳ ತಾಯ್ತಂದೆಯರು ಅದುವರೆಗೆ ನೆರೆಹೊರೆಯವರಿಂದಲೂ ವೈದ್ಯರಿಂದಲೂ ಎಂತಹ ಆಕ್ಷೇಪಣೆಗಳನ್ನು ಕೇಳಿರಬಹುದೆಂದು ನೆನೆದರೆ ಮನಸ್ಸು ಕರಗುತ್ತದೆ.

1999ರ ಡಿಸೆಂಬರಿನಲ್ಲಿ ಜಪಾನಿನ ಕೊಜಿಮಾ ಮತ್ತು ಕಂಗಾವ ಅವರು ಬೇರೊಂದು ಹಾರ್ಮೋನನ್ನು ಕಂಡುಹಿಡಿದರು. 28 ಅಮೈನೋ ಆಮ್ಲಗಳ ಆ ಸರಣಿಗೆ ಘ್ರೆಲಿನ್ ಎಂದು ಹೆಸರಾಯಿತು. ಅದು ಉತ್ಪತ್ತಿಯಾಗುವುದು ಮುಖ್ಯವಾಗಿ ಬರಿದಾದ ಜಠರದಲ್ಲಿ, ಅದರ ಕೆಲಸವು ಲೆಪ್ಟಿನ್ನಿಗೆ ವಿರುದ್ಧವಾಗಿ ಹಸಿವನ್ನು ಎಬ್ಬಿಸುವುದು. ಹೈಪೊಥಲಾಮಸ್ಸಿನ ತಳದ ಒಂದು ಸಣ್ಣ ನರಕೋಶಸಮೂಹದಲ್ಲಿ ಹಸಿವನ್ನು ಕೆರಳಿಸುವ ಕೋಶಗಳೂ ಅಡಗಿಸುವ ಕೋಶಗಳೂ ಅಕ್ಕಪಕ್ಕದಲ್ಲಿಯೇ ನೆಲೆಸಿದ್ದು, ಜಠರದ ಘ್ರೆಲಿನ್ನೂ ಮೇದಸ್ಸಿನ ಲೆಪ್ಟಿನ್ನೂ ಅಲ್ಲಿಗೇ ಬಂದು ತಂತಮ್ಮ ಸುದ್ದಿಯನ್ನು ಒಪ್ಪಿಸುತ್ತವೆಂಬುದು ಈಗ ಸ್ಥಿರಪಟ್ಟಿದೆ. 2001ರಲ್ಲಿ ಸಿಯಾಟಲ್ ನಗರದ ಡೇವಿಡ್ ಕಮಿಂಗ್ಸ್ ಅವರು 10 ಮಂದಿಯ ರಕ್ತವನ್ನು ಹಗಲಿರುಳು ಪರೀಕ್ಷಿಸಿ, ಪ್ರತಿ ಊಟಕ್ಕೂ ಮುಂಚೆ ಘ್ರೆಲಿನ್ ಇಮ್ಮಡಿಯಷ್ಟು ಏರಿ, ಉಂಡ ಒಂದು ಗಂಟೆಯೊಳಗೆ ಇಳಿಯುವುದನ್ನು ತೋರಿಸಿದರು. ಹೊತ್ತಿಗೆ ಸರಿಯಾಗಿ ಹಸಿವಾಗುವುದೆಂಬ ಲೋಕಾನುಭವಕ್ಕೆ ರಕ್ತದಲ್ಲಿ ಒಂದು ಆಧಾರವು ದೊರೆತಂತಾಯಿತು.

ಆ ಹೊತ್ತನ್ನು ಶರೀರಕ್ಕೆ ತಿಳಿಸುವವರು ಯಾರೆಂಬ ಪ್ರಶ್ನೆಗೂ ಅಷ್ಟೇ ದೀರ್ಘವಾದ ಚರಿತ್ರೆಯಿದೆ. 1922ರಲ್ಲಿ ಬಾಲ್ಟಿಮೋರಿನ ಕರ್ಟ್ ರಿಕ್ಟರ್ ಅವರು, ದಿನಕ್ಕೊಮ್ಮೆ ಗೊತ್ತಾದ ವೇಳೆಗೆ ಆಹಾರವನ್ನು ಪಡೆಯುವ ಇಲಿಗಳು ಆ ವೇಳೆಗೆ ಮುಂಚಿತವಾಗಿಯೇ ಎದ್ದು ಚಡಪಡಿಸುವುದನ್ನು ದಾಖಲಿಸಿದ್ದರು. 1972ರಲ್ಲಿ ಷಿಕಾಗೋದ ಮೂರ್ ಮತ್ತು ಐಕ್ಲರ್, ಬರ್ಕ್ಲಿಯ ಸ್ಟೀಫನ್ ಮತ್ತು ಜ಼ುಕರ್, ಇವರು ಪ್ರತ್ಯೇಕವಾಗಿ, ಕಣ್ಣಿನ ನರಗಳು ಒಂದನ್ನೊಂದು ಹಾಯುವೆಡೆಯ ಮೇಲ್ಗಡೆ, ಅದೇ ಹೈಪೊಥಲಾಮಸ್ಸಿನಲ್ಲಿ, ಅಹೋರಾತ್ರಿಗಳ ಲಯವನ್ನು ನಡೆಸುವ ನರಕೋಶಗಳ ಜೋಡಿಯೊಂದನ್ನು ಗುರುತಿಸಿದರು. ಅದನ್ನು ನಾಶಪಡಿಸಿದ ಇಲಿಗಳು ಹಗಲೆನ್ನದೆ ಇರುಳೆನ್ನದೆ ಚದರಿದಂತೆ ಎದ್ದು ನೀರು ಕುಡಿದುವು, ಆಹಾರ ತಿಂದುವು. ಆದರೂ 1979ರಲ್ಲಿ ಫ್ರೆಡ್ ಸ್ಟೀಫನ್ ಅವರು, ಆ ಮುಖ್ಯ ಗಡಿಯಾರವಿಲ್ಲದ ಇಲಿಗಳಿಗೂ ದಿನಕ್ಕೊಮ್ಮೆ ಒಂದೇ ವೇಳೆಗೆ ಆಹಾರವನ್ನು ಕೊಟ್ಟು ನೋಡಿದರು. ಕೆಲವೇ ದಿನಗಳಲ್ಲಿ ಅವೂ ಊಟದ ವೇಳೆಗೆ ಮುಂಚೆ ಎದ್ದು ಕಾಯತೊಡಗಿದುವು. 2000ದಲ್ಲಿ ಜಿನೀವಾದ ಉಲಿ ಶಿಬ್ಲರ್ ಅವರ ತಂಡವು, ರಾತ್ರಿಯಲ್ಲಿ ತಿನ್ನುವ ಇಲಿಗಳಿಗೆ ಹಗಲಿನಲ್ಲಿ ಮಾತ್ರ ಆಹಾರವನ್ನಿತ್ತಾಗ, ಯಕೃತ್ತಿನ ಲಯವು ತಲೆಕೆಳಗಾಗಿ ತಿರುಗಿದರೂ ಮಿದುಳಿನ ಮುಖ್ಯ ಗಡಿಯಾರವು ತನ್ನ ಲಯವನ್ನು ಬಿಡದಿರುವುದನ್ನು ತೋರಿಸಿತು. ಊಟದ ವೇಳೆಯನ್ನು ಕಾಯುವ ಆ ಎರಡನೆಯ ಗಡಿಯಾರದ ನೆಲೆಗಾಗಿ ಹೈಪೊಥಲಾಮಸ್ಸಿನ ಬೇರೆ ಬೇರೆ ಅಂಶಗಳನ್ನು ಒಂದೊಂದಾಗಿ ಕೆಡಿಸಿ ನೋಡಿದ್ದಾಗಿದೆ. ಒಂದು ಪ್ರಯೋಗಶಾಲೆಯು ಇಲ್ಲಿದೆಯೆಂದು ತೋರಿಸಿದ ಎಡೆಯನ್ನು ತೆಗೆದುಹಾಕಿದಾಗ, ಮತ್ತೊಂದರ ಇಲಿಗಳು ಮರುದಿನವೂ ಅದೇ ಹೊತ್ತಿಗೆ ಎದ್ದಿವೆ.